ಶಿವಾಜಿನಗರದ ಅಡಿಯ ಬಂಡೆ, ಕೋಲಾರದ ಗವಿ

ಶನಿವಾರ ರಾತ್ರಿ ಟಿನ್ ಫ್ಯಾಕ್ಟರಿ ಹತ್ತಿರ ನಿಂತು ನೋಡಿ. ಕೆ.ಆರ್. ಪುರದ ತೂಗುಸೇತುವೆಯತ್ತ ಹೊರಟ ಟೆಂಪೊ ಟ್ರಾವೆಲರ್‌ಗಳಲ್ಲಿ ಒಂದೆರಡಾದರೂ ಅಂತರಗಂಗೆಗೆ ಹೋಗುವಂಥವು ಇರುತ್ತವೆ. ಇಂದಿರಾನಗರ, ಹಲಸೂರು, ಮಾರತಹಳ್ಳಿ ಕಡೆಯ ಹುಡುಗ ಹುಡುಗಿಯರು ಹಣೆಗೆ ಕಟ್ಟುವ ಟಾರ್ಚು, ನೀರಿನ ಬಾಟಲಿ, ಬಿಸ್ಕತ್ತು ತುಂಬಿಕೊಂಡು ಹಳೇ ಮದ್ರಾಸು ರಸ್ತೆ ಹಿಡಿಯುತ್ತಾರೆ. ಹೊಸಕೋಟೆ, ನರಸಾಪುರ ದಾಟಿ ಕೋಲಾರ ಮುಟ್ಟುವಾಗ ನಡುರಾತ್ರಿ. ರಾತ್ರಿಯಲ್ಲೇ ಬೆಟ್ಟ ಹತ್ತಿ, ಗವಿ ನುಸುಳಿ, ಸೂರ್ಯ ಹುಟ್ಟುವುದನ್ನು ನೋಡಿ, ಭಾನುವಾರ ಮಧ್ಯಾಹ್ನದೊಳಗೆ ಮನೆ ಸೇರುತ್ತಾರೆ. ಪೂರ್ವ ಬೆಂಗಳೂರಿನ ಸಾವಿರಾರು ಮಂದಿಗೆ ಬದುಕಿನಲ್ಲಿ ಹೊಕ್ಕ ಮೊದಲ ಗವಿ, ಬಹಳ ಸಲ ಒಂದೇ ಗವಿ, ಇದು.

ಕೋಲಾರ ಊರಿಗೆ ಆತುಕೊಂಡಿರುವ ಶತಶೃಂಗ ಬೆಟ್ಟಸಾಲಿನ ಮಗ್ಗುಲಲ್ಲಿ ಅಂತರಗಂಗೆಯಿದೆ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಗುಡಿಯ ಕೊಳಕ್ಕೆ ಬಸವನ ಬಾಯಿಂದ ಬೀಳುವ ನೀರು. ಅಲ್ಲಿಂದ ಮೇಲಕ್ಕೆ ಬಂಡೆಗಳ ಲೋಕ. ಮನೆಯಷ್ಟು ದೊಡ್ಡವು, ಎತ್ತಿನಗಾಡಿಯಷ್ಟು ದೊಡ್ಡವು, ಒಂದರ ಮೇಲೊಂದು ಒರಗಿ ನಿಂತಿವೆ. ಅವುಗಳ ನಡುವೆ ಉಳಿದ ಸಂದುಗಳೇ ಇಲ್ಲಿನ ಗವಿಗಳು. ಒಳಗೆ ಹೊಕ್ಕರೆ ಮೊದಲು ಅಂಗೈಗೆ ಗೊತ್ತಾಗುತ್ತದೆ: ಮೇಲಿನ ಬಂಡೆಯ ತಳ ದುಂಡಗೆ, ನಯವಾಗಿದೆ. ಒಡೆದ ಕಲ್ಲಿಗಿರುವ ಚೂಪು ಅಂಚು ಎಲ್ಲೂ ಕೈಗೆ ಸಿಗುವುದಿಲ್ಲ. ಬಗ್ಗಿ, ಮಂಡಿಯೂರಿ, ಒಂದೆಡೆ ಹೊಟ್ಟೆಯ ಮೇಲೆ ತೆವಳಿ ಮುಂದಕ್ಕೆ ಹೋಗಬೇಕು. ಹೊರಗಿನ ಬಿಸಿಲಿನ ಸುಳಿವೇ ಇಲ್ಲದ ತಣ್ಣನೆಯ ಗಾಳಿ ಯಾವುದೋ ಬಿರುಕಿನಿಂದ ಮುಖಕ್ಕೆ ಬಡಿಯುತ್ತದೆ.

ಇದೆಲ್ಲ ಹೇಗಾಯಿತು ಎಂದು ಜೊತೆಯಲ್ಲಿ ಬಂದವರನ್ನು ಕೇಳಿದರೆ ಬಂಡೆಗಳು ಮೇಲಿಂದ ಉರುಳಿ ಬಿದ್ದು ಆಯಿತು ಅನ್ನುತ್ತಾರೆ. ಅದು ಅರ್ಧ ಉತ್ತರ. ಬೀಳುವ ಮೊದಲೇ ಬಂಡೆ ದುಂಡಗಾದದ್ದು ಹೇಗೆ ಎಂಬ ಉಳಿದರ್ಧಕ್ಕೆ ಶಿವಾಜಿನಗರಕ್ಕೆ ವಾಪಸು ಬರಬೇಕಾಗುತ್ತದೆ.

ನಮ್ಮ ಮೆಟ್ರೊದ ಗುಲಾಬಿ ಮಾರ್ಗಕ್ಕೆಂದು 2020ರ ಜುಲೈಯಲ್ಲಿ ಊರ್ಜಾ ಎಂಬ ಸುರಂಗ ಕೊರೆಯುವ ಯಂತ್ರ ಕಂಟೋನ್ಮೆಂಟ್ ನಿಲ್ದಾಣದಿಂದ ಹೊರಟಿತು. 855 ಮೀಟರ್ ಕೊರೆದು ಶಿವಾಜಿನಗರದಲ್ಲಿ ಆಚೆ ಬಂದದ್ದು 2021ರ ಸೆಪ್ಟೆಂಬರ್ 22ರಂದು. ಮೇಲೆ ನಡೆದರೆ ಹತ್ತು ಹನ್ನೆರಡು ನಿಮಿಷದ ದಾರಿಗೆ ಒಂದು ವರ್ಷದ ಮೇಲೆ ಹಿಡಿಯಿತು. ಬೆಂಗಳೂರಿನ ಕಲ್ಲು ಗಟ್ಟಿ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಬರೀ ಗಟ್ಟಿ ಕಲ್ಲಾಗಿದ್ದರೆ, ಇಲ್ಲವೇ ಬರೀ ಮಣ್ಣಾಗಿದ್ದರೆ ಸುರಂಗದ ಎಂಜಿನಿಯರುಗಳಿಗೆ ಅಷ್ಟು ಚಿಂತೆಯಿಲ್ಲ. ಇಲ್ಲಿ ಎರಡೂ ಕಲೆತು ಬರುತ್ತವೆ. ಮೆತ್ತನೆಯ ಕೆಂಪು ಮಣ್ಣಿನ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಗುಂಡು, ಅದನ್ನು ದಾಟಿದರೆ ಮತ್ತೆ ಮಣ್ಣು. ಯಂತ್ರದ ಮುಖದ ಅರ್ಧ ಕಲ್ಲನ್ನು ಅರೆಯುತ್ತಿದ್ದರೆ ಉಳಿದರ್ಧದ ಎದುರು ಮಣ್ಣು ಕುಸಿಯುತ್ತಿರುತ್ತದೆ. ಹಲ್ಲು ಸವೆಯುತ್ತದೆ, ಕೆಲಸ ನಿಲ್ಲುತ್ತದೆ.

ಆ ಮಣ್ಣೂ ಒಂದು ಕಾಲಕ್ಕೆ ಕಲ್ಲೇ ಆಗಿತ್ತು. ನಮ್ಮ ಊರು ಕೂತಿರುವುದು ನೈಸ್ ಎಂಬ ಪುರಾತನ ಶಿಲೆಯ ಮೇಲೆ, ಸುಮಾರು 300 ಕೋಟಿ ವರ್ಷ ಹಳೆಯದು. ಲಾಲ್‌ಬಾಗಿನ ಗುಡ್ಡದಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತಿರುವುದು ಇದೇ ಶಿಲೆ. ಅದರೊಳಗೆ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿವೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗಿ ಆ ಬಿರುಕುಗಳಲ್ಲಿ ಇಳಿಯುತ್ತದೆ. ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ನಿಧಾನವಾಗಿ ಜೇಡಿಯಾಗುತ್ತದೆ, ಬೆಣಚು ಮರಳಾಗಿ ಉಳಿಯುತ್ತದೆ. ಕಲ್ಲುಸಕ್ಕರೆಯ ತುಂಡನ್ನು ಬಾಯಲ್ಲಿ ಇಟ್ಟುಕೊಂಡರೆ ಮೊದಲು ಕರಗುವುದು ಅದರ ಮೂಲೆಗಳು. ಬಿರುಕುಗಳು ಚೌಕ ಚೌಕವಾಗಿ ಕತ್ತರಿಸಿಟ್ಟ ಬಂಡೆಗೂ ನೆಲದಡಿಯಲ್ಲಿ ಆಗುವುದು ಅದೇ. ಮೂಲೆ ಹೋಗುತ್ತದೆ, ಅಂಚು ಹೋಗುತ್ತದೆ, ಮಣ್ಣಿನ ನಡುವೆ ದುಂಡನೆಯ ತಿರುಳು ಉಳಿಯುತ್ತದೆ. ಊರ್ಜಾದಂಥ ಯಂತ್ರಕ್ಕೆ ಅಡ್ಡ ಬರುವುದು ಇಂಥ ತಿರುಳುಗಲ್ಲು.

ಈಗ ಅಂತರಗಂಗೆ ಅರ್ಥವಾಗುತ್ತದೆ. ನೆಲದಡಿಯಲ್ಲಿ ದುಂಡಗಾದ ಬಂಡೆಗಳ ಸುತ್ತಲಿನ ಮಣ್ಣನ್ನು ಲಕ್ಷಾಂತರ ವರ್ಷಗಳ ಮಳೆ ತೊಳೆದುಬಿಟ್ಟರೆ ಗುಂಡುಗಳು ಕುಸಿದು ಒಂದಕ್ಕೊಂದು ಆತು ನಿಲ್ಲುತ್ತವೆ. ಮಣ್ಣು ಇದ್ದ ಜಾಗ ಖಾಲಿಯಾಗುತ್ತದೆ. ಆ ಖಾಲಿಯನ್ನೇ ನಾವು ಟಾರ್ಚು ಹಿಡಿದು ಹೊಗುತ್ತೇವೆ. ಶಿವಾಜಿನಗರದ ಬಸ್ ನಿಲ್ದಾಣದ ಅಡಿಯಲ್ಲಿ ಇನ್ನೂ ಮಣ್ಣಿನಲ್ಲಿ ಹೂತಿರುವುದೂ ಶತಶೃಂಗದಲ್ಲಿ ಬಯಲಿಗೆ ಬಂದಿರುವುದೂ ಒಂದೇ ಕೆಲಸದ ಎರಡು ಹಂತ. ಬಸವನ ಬಾಯಿಯ ನೀರಿನ ಮೂಲವೂ ಆ ಬಿರುಕುಗಳೇ. ಬೆಟ್ಟ ಕುಡಿದ ಮಳೆ ಅವುಗಳಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಕೆ.ಆರ್. ಪುರದಲ್ಲಿ ಸಾವಿರ ಅಡಿ ಬೋರ್ ಕೊರೆಸಿ ನೀರು ಕಾಣದವರಿಗೆ ಇದನ್ನು ವಿವರಿಸಬೇಕಿಲ್ಲ. ನೈಸ್‌ನಲ್ಲಿ ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಬರೀ ಕಲ್ಲುಪುಡಿ.

ಬಂಡೆ ಮತ್ತೊಂದು ರೀತಿಯಲ್ಲೂ ಬಿಚ್ಚಿಕೊಳ್ಳುತ್ತದೆ, ಪದರ ಪದರವಾಗಿ, ಮೇಲ್ಮೈಗೆ ಸಮಾನಾಂತರವಾಗಿ. ಆಳದಲ್ಲಿ ಒತ್ತಡದಲ್ಲಿದ್ದ ಶಿಲೆ ಮೇಲಿನ ಹೊರೆ ಸವೆದುಹೋದಾಗ ಹಿಗ್ಗಿ ಚಪ್ಪಡಿಯಾಗಿ ಸೀಳುತ್ತದೆ. ಬೆಟ್ಟಗಳ ಇಳಿಜಾರಿನಲ್ಲಿ ಚಪ್ಪಡಿಯಡಿಯ ಗವಿಗಳು ಆಗುವುದು ಹೀಗೆ. ನಮ್ಮ ಕಲ್ಲುಕುಟಿಗರು ಈ ಗುಟ್ಟನ್ನು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದರು. 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಬೆಂಗಳೂರಿನ ಕಲ್ಲುಗಣಿಯ ಬಗ್ಗೆ ಒಂದು ಟಿಪ್ಪಣಿ ಬಂತು. ಬರಿಯ ಬಂಡೆಯ ಮೇಲೆ ಸುಮಾರು ಏಳು ಅಡಿ ಉದ್ದದ ಸಾಲಾಗಿ ಒಣ ಸೌದೆ ಉರಿಸುತ್ತಾರೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಅಡಿಯಲ್ಲಿ ಕಲ್ಲು ಬಿಟ್ಟಿದೆ ಎಂದು ಸದ್ದು ಹೇಳಿದ ಕೂಡಲೇ ಉರಿಯನ್ನು ಮುಂದಕ್ಕೆ ಸರಿಸುತ್ತಾರೆ. ಹೀಗೆ ಎಂಟು ಗಂಟೆಯಲ್ಲಿ, ಮುಕ್ಕಾಲು ಟನ್ನಿನಷ್ಟು ಸೌದೆ ಸುಟ್ಟು, 740 ಚದರಡಿಯ, ಸರಾಸರಿ ಐದು ಅಂಗುಲ ದಪ್ಪದ ಹಾಸು ಒಂದೇ ತುಂಡಾಗಿ ಎದ್ದಿತು. ಸಿಡಿಮದ್ದಿನ ಮಾತೇ ಇಲ್ಲ. ಸುತ್ತಿಗೆಯ ಸದ್ದಿನಿಂದ ಕಲ್ಲಿನ ಒಳಗನ್ನು ಓದಿದ ಆ ಕೈಗಳನ್ನು ನಾನು ಭೂವಿಜ್ಞಾನಿಗಳ ಸಾಲಿನಲ್ಲೇ ಇಡುತ್ತೇನೆ.

ಗವಿಗಳ ಅಧ್ಯಯನ ಅಂದಾಗ ಪ್ರಪಂಚದ ವಿಜ್ಞಾನಿಗಳು ಮೊದಲು ನೋಡುವುದು ಇಂಥ ಬಂಡೆಗವಿಗಳತ್ತ ಅಲ್ಲ, ಸುಣ್ಣಕಲ್ಲಿನ ಗವಿಗಳತ್ತ. ಅದಕ್ಕೆ ಕಾರಣವಿದೆ. ಸುಣ್ಣಕಲ್ಲು ಹುಳಿನೀರಿನಲ್ಲಿ ಪೂರಾ ಕರಗುತ್ತದೆ. ಕರಗಿದ ಸುಣ್ಣ ಗವಿಯ ಚಾವಣಿಯಿಂದ ಹನಿಹನಿಯಾಗಿ ಬೀಳುತ್ತಾ ಮೇಲೆ ತೊಂಗಲಾಗಿ, ಕೆಳಗೆ ಕಂಬವಾಗಿ ಮತ್ತೆ ಗಟ್ಟಿಯಾಗುತ್ತದೆ. ಆ ಕಂಬವನ್ನು ಸೀಳಿದರೆ ಒಳಗೆ ಪದರಗಳು. ಹನಿಯ ಜೊತೆ ಬಂದ ಯುರೇನಿಯಂ ಕಾಲ ಕಳೆದಂತೆ ಥೋರಿಯಂ ಆಗುತ್ತದೆ. ಥೋರಿಯಂ ತಾನಾಗಿ ನೀರಿನಲ್ಲಿ ಕರಗಿ ಬರುವುದು ತೀರಾ ಕಡಿಮೆ. ಹಾಗಾಗಿ ಪದರದಲ್ಲಿ ಎಷ್ಟು ಥೋರಿಯಂ ಇದೆಯೋ ಅದರ ಮೇಲೆ ವಯಸ್ಸು ಲೆಕ್ಕ ಹಾಕಬಹುದು. ಮಳೆ ಎಷ್ಟಿತ್ತು ಅನ್ನುವುದನ್ನು ಆಮ್ಲಜನಕ ಹೇಳುತ್ತದೆ. ಅದರಲ್ಲಿ ಹಗುರದ್ದು, ಭಾರದ್ದು ಎಂಬ ಬಗೆಗಳಿವೆ. ನಮ್ಮ ಮುಂಗಾರಿನಲ್ಲಿ ಮಳೆ ಜೋರಾದ ವರ್ಷ ಹನಿಯಲ್ಲಿ ಭಾರದ ಆಮ್ಲಜನಕದ ಪಾಲು ಕಡಿಮೆ, ಬರಗಾಲದಲ್ಲಿ ಹೆಚ್ಚು.

ಮೇಘಾಲಯದ ಮಾವ್ಮ್ಲೂ ಗವಿಯ ಒಂದು ಸುಣ್ಣಗಂಬದಲ್ಲಿ 4,200 ವರ್ಷದ ಹಿಂದಿನ ಮುಂಗಾರಿನ ದೊಡ್ಡ ಏರುಪೇರು ಎಷ್ಟು ಸ್ಪಷ್ಟವಾಗಿ ಸಿಕ್ಕಿತೆಂದರೆ, ಅಲ್ಲಿಂದ ಈಚಿನ ಭೂಮಿಯ ಕಾಲಘಟ್ಟಕ್ಕೆ 2018ರಲ್ಲಿ ಮೇಘಾಲಯದ ಹೆಸರನ್ನೇ ಇಟ್ಟರು. ನಮ್ಮ ರಾಜ್ಯದಲ್ಲೂ ಅಂಥ ಗವಿಯಿದೆ. ಉತ್ತರ ಕನ್ನಡದ ಅಕಳಗವಿಯ ಒಂದು ಸುಣ್ಣಗಂಬವನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಂ.ಜಿ. ಯಾದವ, ಆರ್. ರಮೇಶ್ ಮತ್ತು ಪುಣೆಯ ಜಿ.ಬಿ. ಪಂತ್ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. 331 ವರ್ಷದ ಮಳೆಯ ಕಥೆ ಆ ಒಂದು ಕಂಬದಲ್ಲಿತ್ತು. ಮಳೆಮಾಪಕ ಇಡುವ ಪದ್ಧತಿ ಈ ನಾಡಿಗೆ ಬರುವುದಕ್ಕೆ ಎಷ್ಟೋ ಮುಂಚಿನ ಮುಂಗಾರುಗಳು ಅದರಲ್ಲಿದ್ದವು.

ಇನ್ನು ಎಲುಬುಗಳ ವಿಷಯ. ಬಳ್ಳಾರಿಯಿಂದ ಪೂರ್ವಕ್ಕೆ ಆಂಧ್ರದ ಗಡಿ ದಾಟಿದರೆ ಕರ್ನೂಲು ಸೀಮೆಯ ಸುಣ್ಣಕಲ್ಲಿನ ನಾಡು. ಬೇತಂಚೆರ್ಲದ ಹತ್ತಿರದ ಬಿಲ್ಲಸುರ್ಗಂ ಗವಿಗಳನ್ನು 1840ರ ದಶಕದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ನೋಡಿದ್ದರು. 1880ರ ದಶಕದ ನಡುವಿನಲ್ಲಿ ರಾಬರ್ಟ್ ಬ್ರೂಸ್ ಫೂಟ್ ತಮ್ಮ ಮಗನೊಂದಿಗೆ ಅಗೆದರು. ಭಾರತದ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಮೊದಲು ಗುರುತಿಸಿದವರು ಇವರೇ. 1894ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದವರೂ ಇವರೇ. ಬಿಲ್ಲಸುರ್ಗಂನಲ್ಲಿ ಅವರಿಗೆ ಘೇಂಡಾಮೃಗವೂ ಸೇರಿ ಹಲವು ಪ್ರಾಣಿಗಳ ಎಲುಬು ಸಿಕ್ಕವು. ನೂರು ವರ್ಷ ಕಳೆದ ಮೇಲೆ ಧಾರವಾಡದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡವೊಂದು ಅದೇ ಗವಿಗಳಿಗೆ ಮರಳಿತು. 2014ರಲ್ಲಿ ಅವರು ಹೇಳಿದ ಮಾತು ಅಚ್ಚರಿಯದು: ಎರಡು ಲಕ್ಷ ವರ್ಷಗಳ ಪದರಗಳಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆ ಉಪಖಂಡದಲ್ಲಿ ಈಚಿನ ಕಾಲದವರೆಗೂ ಉಳಿದು ಬಂದಿವೆ. ಆಸ್ಟ್ರೇಲಿಯ, ಅಮೆರಿಕಗಳಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ನಿರ್ನಾಮವಾದ ಕಾಲದಲ್ಲಿ ಇಲ್ಲಿ ಹಾಗಾಗಲಿಲ್ಲ.

ಗ್ರಾನೈಟು, ನೈಸುಗಳ ಗವಿ ಇಂಥ ಯಾವುದನ್ನೂ ಹೇಳುವುದಿಲ್ಲ. ಅಲ್ಲಿ ಸುಣ್ಣದ ಕಂಬ ಬೆಳೆಯುವುದಿಲ್ಲ. ಅದರ ಮಣ್ಣು ಹುಳಿ, ಎಲುಬು ಬಹಳ ಕಾಲ ಬಾಳುವುದಿಲ್ಲ. ಈ ಕಾರಣಕ್ಕೇ ಬೆಂಗಳೂರಿನ ಸುತ್ತಲಿನ ಗವಿಗಳನ್ನು ದೇವರಿಗೂ ವಾರಾಂತ್ಯದ ಪ್ರವಾಸಿಗರಿಗೂ ಬಿಟ್ಟುಕೊಟ್ಟು ವಿಜ್ಞಾನ ಬೇರೆ ಕಡೆ ನಡೆಯಿತು. ಹಾಗೆ ನಡೆದದ್ದು ಸರಿಯಲ್ಲ ಎಂದು ತೋರಿಸಿದ್ದು ಅಂಗೈಯಲ್ಲಿ ಅಡಗುವಷ್ಟು ಸಣ್ಣ ಒಂದು ಬಾವಲಿ.

1994ರಲ್ಲಿ ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್ ಎಂಬ ವಿಜ್ಞಾನಿಗಳು ಕೋಲಾರ ಜಿಲ್ಲೆಯ ಬಾವಲಿಯೊಂದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಹಿಪೊಸಿಡೆರಸ್ ಹೈಪೊಫಿಲಸ್ ಎಂಬುದು ಅದರ ಶಾಸ್ತ್ರೀಯ ಹೆಸರು, ಕೋಲಾರದ ಎಲೆಮೂಗಿನ ಬಾವಲಿ ಎಂಬುದು ಬಳಕೆಯ ಹೆಸರು. ಮೂಗಿನ ಸುತ್ತ ಎಲೆಯಂಥ ತೊಗಲಿನ ಮಡಿಕೆಗಳಿವೆ. ಇವು ಬಾಯಿಂದ ಕೂಗುವುದಿಲ್ಲ, ಮೂಗಿನಿಂದ ಕೂಗುತ್ತವೆ. ಆ ಮಡಿಕೆಗಳು ಸದ್ದನ್ನು ಒಂದು ದಿಕ್ಕಿಗೆ ಕೂಡಿಸಿ ಕಳಿಸುತ್ತವೆ. ಹುಳುವಿನ ಮೈಗೆ ತಾಗಿ ಮರಳಿದ ಸದ್ದಿನಿಂದ ಹುಳು ಎಲ್ಲಿದೆ, ಎತ್ತ ಹಾರುತ್ತಿದೆ ಎಂದು ಬಾವಲಿಗೆ ಗೊತ್ತಾಗುತ್ತದೆ. ನಮ್ಮ ಕಿವಿಗೆ 20 ಕಿಲೊಹರ್ಟ್ಜ್‌ವರೆಗೆ ಕೇಳಿಸೀತು, ಇವುಗಳ ಕೂಗು ಅದರ ಹಲವು ಪಟ್ಟು ಮೇಲೆ. ಒಂದೊಂದು ಜಾತಿಗೆ ಒಂದೊಂದು ಶ್ರುತಿ. ಹಾಗಾಗಿ ಅಧ್ಯಯನಕ್ಕೆ ಹೋದವರು ಬಾವಲಿಯನ್ನು ಹಿಡಿಯಬೇಕೆಂದೇನೂ ಇಲ್ಲ. ಸಂಜೆ ಗವಿಯ ಬಾಯಿಗೆ ಸ್ವಲ್ಪ ದೂರದಲ್ಲಿ ಸದ್ದು ಹಿಡಿಯುವ ಯಂತ್ರ ಇಟ್ಟುಕೊಂಡು ಕೂತರೆ ಯಾವ ಜಾತಿ ಹೊರಬಿತ್ತು ಎಂದು ಬಹುಮಟ್ಟಿಗೆ ತಿಳಿಯುತ್ತದೆ.

ಹೈದರಾಬಾದಿನ ಉಸ್ಮಾನಿಯ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಚೆಲ್ಮಲ ಶ್ರೀನಿವಾಸುಲು ಈ ಬಾವಲಿಯನ್ನು ಹುಡುಕಿಕೊಂಡು ಕೋಲಾರದ ಬೆಟ್ಟಗಳನ್ನು ಸುತ್ತಿದರು. ಹಿಂದೆ ಇದು ಹನುಮನಹಳ್ಳಿ, ತೇರಹಳ್ಳಿ ಎರಡೂ ಕಡೆ ಇತ್ತು. ಅವರು ಹೋದಾಗ ತೇರಹಳ್ಳಿಯಲ್ಲಿ ಇರಲಿಲ್ಲ. ಉಳಿದದ್ದು ಹನುಮನಹಳ್ಳಿಯ ಒಂದು ಬಂಡೆಗವಿಯಲ್ಲಿ ಮಾತ್ರ, ಅದೂ ಇನ್ನೂರಕ್ಕಿಂತ ಕಡಿಮೆ. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2016ರಲ್ಲಿ ಇದನ್ನು ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಗೆ ಸೇರಿಸಿತು. ಭೂಮಿಯ ಮೇಲೆ ಮತ್ತೆಲ್ಲೂ ಇದು ಸಿಕ್ಕಿಲ್ಲ. ಹಳೇ ಮದ್ರಾಸು ರಸ್ತೆಯಲ್ಲಿ ನಮ್ಮಿಂದ ಎರಡು ಗಂಟೆಯೂ ದೂರವಿಲ್ಲದ ಜಿಲ್ಲೆಯಲ್ಲಿ ಪ್ರಪಂಚದ ಅತಿ ಅಪರೂಪದ ಸಸ್ತನಿಗಳಲ್ಲೊಂದು ಇದೆ. ಅಂತರಗಂಗೆಗೆ ಹೋಗಿಬಂದ ಎಷ್ಟೋ ಮಂದಿಯನ್ನು ಕೇಳಿದ್ದೇನೆ, ಅವರಿಗೆ ಇದರ ಹೆಸರೇ ಗೊತ್ತಿಲ್ಲ.

ಬಾವಲಿಗೆ ಗವಿ ಬರೀ ಸೂರಲ್ಲ. ಹಗಲೆಲ್ಲ ತೂಗಿಕೊಂಡು ನಿದ್ರಿಸುವ ಪುಟ್ಟ ಮೈಗೆ ಹೊರಗಿನ ಬಿಸಿಲೂ ಒಣಗಾಳಿಯೂ ಮಾರಕ. ರೆಕ್ಕೆಯ ತೆಳು ತೊಗಲಿನಿಂದ ನೀರಿನಂಶ ಬೇಗ ಹೋಗಿಬಿಡುತ್ತದೆ. ಬಂಡೆಗವಿಯ ಒಳಗೆ ಬಿಸಿಯೂ ತೇವವೂ ವರ್ಷವಿಡೀ ಹೆಚ್ಚು ಏರಿಳಿಯುವುದಿಲ್ಲ. ಗವಿಯ ಉದ್ದ, ಬಾಯಿಯ ಅಗಲ, ಗಾಳಿ ನುಗ್ಗುವ ಬಿರುಕು, ಇಷ್ಟರಲ್ಲಿ ಒಂದು ಬದಲಾದರೂ ಒಳಗಿನ ಹವೆ ಬದಲಾಗುತ್ತದೆ. ಪಕ್ಕದ ಬಂಡೆ ಒಡೆದರೂ ಸಾಕು. ಹನುಮನಹಳ್ಳಿಯ ಸುತ್ತ ನಡೆದದ್ದು ಅದೇ, ಗ್ರಾನೈಟ್ ಗಣಿಗಾರಿಕೆ. ಕಲ್ಲಿಗೆ ಬೆಂಕಿ ಹಾಕಿದ ಹೊಗೆ, ಒಡೆದ ಅದುರು, ಬಾವಲಿಗೆ ಎರಡೂ ಕೇಡು. ಆಮೇಲೆ ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್‌ನ ರಾಜೇಶ್ ಪುಟ್ಟಸ್ವಾಮಯ್ಯ ಮತ್ತು ಸಂಗಡಿಗರು ಅರಣ್ಯ ಇಲಾಖೆಯ ಜೊತೆ ಸೇರಿ ಆ ಗವಿಯ ಕಾವಲಿಗೆ ನಿಂತರು. ಅವರ ಕೆಲಸಕ್ಕೆ ನಾವು ಋಣಿಗಳು. ಗವಿಯ ದಾರಿಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಓದುಗರು ಹುಡುಕಿಕೊಂಡು ಹೋಗಲೂ ಬಾರದು.

ಒಡೆದ ಕಲ್ಲು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಕೇಳಿಕೊಳ್ಳಬೇಕು. ಹಲಸೂರಿನ ಹಳೆಯ ಗಲ್ಲಿಗಳಲ್ಲಿ ಇನ್ನೂ ಕಲ್ಲುಚಪ್ಪಡಿಯ ಕಾಂಪೌಂಡುಗಳು ನಿಂತಿವೆ. ಅಂಚಿನಲ್ಲಿ ಉಳಿಯ ಗುರುತು, ಮುಖ ಮಾತ್ರ ತುಸು ಅಲೆಯಲೆಯಾಗಿ ನಯ. ಕೈಯಿಂದ ಎದ್ದ ಆ ಚಪ್ಪಡಿಗಳು ತಲೆಮಾರುಗಳ ಕಾಲ ಬಾಳಿವೆ. ಇವತ್ತಿನ ಇಂದಿರಾನಗರದ ಫ್ಲ್ಯಾಟಿನಲ್ಲಿ ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಬಣ್ಣ ಬೇಸರವಾಯಿತೆಂದು ಹತ್ತು ವರ್ಷಕ್ಕೆ ಕಿತ್ತುಹಾಕುತ್ತೇವೆ. ಎಂ ಸ್ಯಾಂಡ್, ಜಲ್ಲಿ, ಚಪ್ಪಡಿ, ಎಲ್ಲವೂ ಬೆಟ್ಟದಿಂದಲೇ ಬರಬೇಕು. ಮನೆ ಕಟ್ಟಬೇಡಿ ಎಂದು ನಾನು ಹೇಳಲಾರೆ, ನಾನೂ ಕಾಂಕ್ರೀಟಿನ ಮನೆಯಲ್ಲೇ ಇದ್ದೇನೆ. ಆದರೆ ಯಾವ ಬೆಟ್ಟ ಒಡೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ತಿಳಿದುಕೊಳ್ಳದೆ ಒಡೆಯುವುದನ್ನು ಒಪ್ಪಲಾರೆ.

ತಿಳಿದುಕೊಂಡರೆ ಏನಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ ಉದಾಹರಣೆಯಿದೆ. ಬೆಳಗಾವಿಯ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗವಿಗಳಲ್ಲಿ ರಾಟನ್ನನ ಬಾಲಬಿಟ್ಟ ಬಾವಲಿ ಇದೆ. 1913ರಲ್ಲಿ ಹೆಸರು ಪಡೆದ ಇದು ಬಹಳ ಕಾಲ ಆ ಒಂದು ನೆಲೆಯಲ್ಲೇ ಗೊತ್ತಿತ್ತು, ಆಮೇಲಷ್ಟೇ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. 2011ರಲ್ಲಿ ಭೀಮಗಡ ಅಭಯಾರಣ್ಯ ಘೋಷಣೆಯಾದಾಗ ಅದರ ಪರವಾಗಿ ಹೇಳಿದ ಮಾತುಗಳಲ್ಲಿ ಈ ಬಾವಲಿಯ ಹೆಸರೂ ಇತ್ತು. ಘಟ್ಟದ ಹಸಿರು ಕಾಡಿಗೆ ಸಿಕ್ಕ ಈ ಗೌರವ ಬಯಲುಸೀಮೆಯ ಬೋಳು ಬಂಡೆಗೆ ಸುಲಭಕ್ಕೆ ಸಿಗುವುದಿಲ್ಲ. ಕಂದಾಯ ದಾಖಲೆಯಲ್ಲಿ ಅದು ಖರಾಬು.

ಗವಿಯ ಅಧ್ಯಯನಕ್ಕೆ ಎಲ್ಲ ಸಲವೂ ದುಬಾರಿ ಯಂತ್ರ ಬೇಕಿಲ್ಲ. ಕರ್ನೂಲು ಸೀಮೆಯ ಬೇಲಂ ಗವಿಗಳನ್ನು 1980ರ ದಶಕದ ಮೊದಲಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಕೂಲಂಕಷವಾಗಿ ಅಳೆದದ್ದರಿಂದಲೇ ಅದರ ವ್ಯಾಪ್ತಿ ಜನರಿಗೆ ಗೊತ್ತಾಯಿತು. 3,229 ಮೀಟರ್ ಉದ್ದ ಎಂಬ ಲೆಕ್ಕ ಹುಟ್ಟಿದ್ದು ಅಳತೆಯಿಂದ. ಟೇಪು, ದಿಕ್ಸೂಚಿ, ಇಳಿಜಾರು ಅಳೆಯುವ ಸಾಧನ, ಕಾಗದ, ಪೆನ್ಸಿಲು ಇದ್ದರೆ ನಕ್ಷೆ ಆಗುತ್ತದೆ. ಬಿಸಿ ಮತ್ತು ತೇವ ದಾಖಲಿಸುವ ಸಣ್ಣ ಪೆಟ್ಟಿಗೆಯೊಂದನ್ನು ವರ್ಷವಿಡೀ ಗವಿಯೊಳಗೆ ಬಿಟ್ಟು ಬರಬಹುದು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಗಳ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ಮಕ್ಕಳಿದ್ದಾರೆ, ಬೆಂಗಳೂರಿನಲ್ಲಿ ಭೂವಿಜ್ಞಾನ ಓದುವ ಮಕ್ಕಳಿದ್ದಾರೆ. ಒಂದೊಂದು ಬೆಟ್ಟವನ್ನು ಒಂದೊಂದು ತಂಡ ವಹಿಸಿಕೊಂಡರೆ ಕೆಲವೇ ವರ್ಷಗಳಲ್ಲಿ ಬಂಡೆಗವಿಗಳ ಒಂದು ಪಟ್ಟಿ ಕೈಗೆ ಬರುತ್ತದೆ: ಎಲ್ಲಿದೆ, ಎಷ್ಟು ಉದ್ದ, ಒಳಗೆ ಯಾರು ವಾಸ.

ಕಲ್ಲುಗಣಿಯ ಗುತ್ತಿಗೆ ಕೊಡುವ ಕಚೇರಿ ಆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಗುತ್ತಿಗೆಯ ಸರ್ವೆ ನಂಬರಿನೊಳಗೆ ಗವಿ ಇದೆಯೇ, ಇದ್ದರೆ ಬಾವಲಿ ಇದೆಯೇ ಎಂದು ಕೇಳುವ ಒಂದು ಕಾಲಂ ಅರ್ಜಿಯಲ್ಲಿ ಇರಬೇಕು. ಅದಕ್ಕೆ ಉತ್ತರ ಬರೆಯುವವರು ಹಗಲು ಹೊತ್ತು ಹೋಗಿ ಬಂಡೆ ನೋಡಿ ಬಂದರೆ ಸಾಲದು. ಸೂರ್ಯ ಮುಳುಗುವ ಮೊದಲೇ ಹೋಗಿ ಗವಿಯ ಬಾಯಿಂದ ದೂರ ಕೂತು, ಹೊರಬೀಳುವವನ್ನೆಲ್ಲ ಎಣಿಸಬೇಕು. ಬೇಸಗೆಯಲ್ಲಿ ಒಂದು ಸಲ, ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ.